ಒಡೆಯುವ ಮೊದಲು ಅಳೆಯೋಣ
(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತು)



ಈ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ಡಿಪ್ಲೊಮಾ ಮಾಡಿ, ಮನೆ ಕಟ್ಟಿಸುವ ಕೆಲಸಕ್ಕೆ ಇಳಿದವನು ನಾನು. ಕಟ್ಟಿಸುವ ಮೊದಲು ಹಳೆಯದನ್ನು ಒಡೆಸಬೇಕು. ನಾನು ತುಂಬ ಒಡೆಸಿದ್ದೇನೆ.

ಕೆಲವು ವರ್ಷಗಳ ಹಿಂದೆ ಮಣಿಪಾಲದಲ್ಲಿ ವಾಸ್ತುಶಿಲ್ಪ ಕಲಿಯುವ ಮಕ್ಕಳ ಜೊತೆ ಯುರೋಪಿನ ವಿದ್ಯಾರ್ಥಿಗಳೂ ಸೇರಿ ನಮ್ಮ ಪೇಟೆಗಳನ್ನು ಅಭ್ಯಾಸ ಮಾಡಿದರು. ತುಳು ಗೊತ್ತು, ಮೇಸ್ತ್ರಿಗಳ ಮಾತು ಗೊತ್ತು ಎಂದು ನನ್ನನ್ನೂ ಕರೆದರು. ದಾರಿ ತೋರಿಸಲು ಹೋದವನು ಪಾಠ ಕಲಿತು ಬಂದೆ.

ಉಡುಪಿಯ ರಥಬೀದಿಯಲ್ಲಿ ಮೊದಲ ದಿನ ಅವರು ಯಾವ ಕಟ್ಟಡದ ಚಿತ್ರವನ್ನೂ ಬರೆಯಲಿಲ್ಲ. ಯಾರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ ಎಂದು ಗುರುತು ಹಾಕಿದರು. ಸಂಜೆ ನೋಡಿದರೆ ಚುಕ್ಕಿಗಳೆಲ್ಲ ಜಗಲಿಗಳಲ್ಲಿ, ಮಾಡಿನ ನೆರಳಿನಲ್ಲಿ. ನಡುವೆ ಅನಂತೇಶ್ವರ, ಚಂದ್ರಮೌಳೀಶ್ವರ, ಸುತ್ತ ಮಠಗಳು, ಮಧ್ಯೆ ತೇರು ತಿರುಗಲು ಜಾಗ. ಗುಡಿ ಉಳಿಸಿ ಜಗಲಿ ಕಳೆದರೆ ಬೀದಿ ಉಳಿಯುವುದಿಲ್ಲ ಎಂದು ಆಗ ತಿಳಿಯಿತು.

ಕಾಪುವಿನಲ್ಲಿ ನಾವೆಲ್ಲ 1901ರ ದೀಪಸ್ತಂಭ ನೋಡುತ್ತಿದ್ದರೆ, ಅವರು ಮನೆಗಳ ನಡುವೆ ಕಡಲಿಗೆ ಇಳಿಯುವ ಓಣಿಗಳನ್ನು ಅಳೆಯುತ್ತಿದ್ದರು. ಅಲ್ಲಿ ಗೋಡೆ ಎದ್ದರೆ ಬಲೆ ಹೊತ್ತವರು ಸುತ್ತಿ ಬರಬೇಕು. ಕಾರ್ಕಳದಲ್ಲಿ 1586ರ ಚತುರ್ಮುಖ ಬಸದಿಯ ಮೆಟ್ಟಿಲ ಮೇಲೆ ನಿಂತು, 1432ರಲ್ಲಿ ನಿಂತ ಗೊಮ್ಮಟನನ್ನು ನೋಡಿದೆವು. ಎರಡನ್ನೂ ಕಾಪಾಡಿ, ನಡುವೆ ಎತ್ತರದ ಕಟ್ಟಡ ಎಬ್ಬಿಸಿದರೆ? ಕಲ್ಲು ಉಳಿಯುತ್ತದೆ, ನೋಟ ಹೋಗುತ್ತದೆ.

ಕೊನೆಯ ದಿನ ಮಣಿಪಾಲದ ಹೆರಿಟೇಜ್ ವಿಲೇಜ್. ಒಡೆದು ಹೋಗುವ ಮನೆಗಳನ್ನು ವಿಜಯನಾಥ ಶೆಣೈಯವರು ಬಿಚ್ಚಿ ತಂದು ಮತ್ತೆ ಜೋಡಿಸಿದ ಜಾಗ. ಕಾರ್ಕಳದ ಹತ್ತಿರದ ಮಿಯಾರಿನ ಮನೆಯೂ ಅಲ್ಲಿದೆ. ಅದರ ಚಾವಡಿಯಲ್ಲಿ ಜರ್ಮನಿಯ ಹುಡುಗಿಯೊಬ್ಬಳು ಕೇಳಿದಳು, "ನಿಮ್ಮ ಹಳೆ ಮನೆ ಎಲ್ಲಿದೆ?"

ನಾನು ಮಾತಾಡಲಿಲ್ಲ. ನಮ್ಮ ಮನೆಯನ್ನು ನಾನೇ ಒಡೆಸಿದ್ದೆ. ಹಲಸಿನ ಕಂಬಗಳನ್ನು ಮಾರಿದ್ದೆ. ಒಂದು ಅಳತೆ ಬರೆದಿಡಲಿಲ್ಲ, ಒಂದು ಫೋಟೋ ತೆಗೆಯಲಿಲ್ಲ. ತಾರಸಿ ಮನೆಯ ಮೊದಲ ಮಳೆಗಾಲದಲ್ಲಿ ಅಮ್ಮ, "ಮಳೆ ಬಂದದ್ದೇ ಗೊತ್ತಾಗುವುದಿಲ್ಲ ಮಗಾ" ಅಂದಿದ್ದರು. ಆಗ ನಕ್ಕಿದ್ದೆ.

ಹಳೆಯದೆಲ್ಲ ಶ್ರೇಷ್ಠ ಎಂದು ನಾನು ಹೇಳುವುದಿಲ್ಲ. ನಾವು ನಮ್ಮದೆನ್ನುವ ಮಂಗಳೂರು ಹಂಚು ಕೂಡ 1865ರಲ್ಲಿ ಬಾಸೆಲ್ ಮಿಶನ್ ಕಾರ್ಖಾನೆಯಿಂದ ಶುರುವಾದದ್ದು. ಹೊರಗಿನಿಂದ ಬಂದ ವಿದ್ಯೆ, ನಮ್ಮ ಆವೆಮಣ್ಣು, ನಮ್ಮ ಮಳೆ. ಒಂದು ಹಂಚು ಒಡೆದರೆ ಒಂದನ್ನೇ ಬದಲಾಯಿಸಬಹುದು. ಇಡೀ ಮಾಡು ಇಳಿಸಬೇಕಾಗಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಯ ಮೂರು ಕೋಣೆಗಳ ಮುರಕಲ್ಲಿನ ಹಳೆ ಕಟ್ಟಡವನ್ನು ತೆಗೆದು ಸಭಾಂಗಣ ಕಟ್ಟಬೇಕೆಂಬ ಮಾತಿದೆ. ಸಭಾಂಗಣ ಬೇಕು, ನಾನೂ ದೇಣಿಗೆ ಕೊಡುತ್ತೇನೆ. ನನ್ನ ಬೇಡಿಕೆ ಒಂದೇ. ಒಡೆಯುವ ಮೊದಲು ಒಂಬತ್ತನೆಯ ತರಗತಿಯ ಮಕ್ಕಳು ಟೇಪು ಹಿಡಿದು ಅದನ್ನು ಅಳೆಯಲಿ. ಯಾವ ಜಗಲಿಯಲ್ಲಿ ಬುತ್ತಿ ಬಿಚ್ಚುತ್ತಿದ್ದೆವು, ಮಳೆಗೆ ಎಲ್ಲಿ ನಿಲ್ಲುತ್ತಿದ್ದೆವು ಎಂದು ನಮ್ಮನ್ನು ಕೇಳಿ ನಕ್ಷೆಯಲ್ಲಿ ಬರೆಯಲಿ. ನಾಲ್ಕು ಶನಿವಾರ ನಾನು ಬಂದು ಕಲಿಸುತ್ತೇನೆ. ದುರಸ್ತಿಗೆ ಎಷ್ಟಾಗುತ್ತದೆ ಎಂಬ ಅಂದಾಜುಪಟ್ಟಿಯನ್ನೂ ಹಣ ತೆಗೆದುಕೊಳ್ಳದೆ ಮಾಡಿಕೊಡುತ್ತೇನೆ. ಎರಡನ್ನೂ ಮುಂದಿಟ್ಟುಕೊಂಡು ಊರು ತೀರ್ಮಾನಿಸಲಿ.

ತೀರ್ಮಾನ ಏನೇ ಆದರೂ, ನಾಳೆ ಯಾರಾದರೂ "ನಿಮ್ಮ ಹಳೆ ಶಾಲೆ ಎಲ್ಲಿದೆ?" ಎಂದು ಕೇಳಿದಾಗ ಈ ಮಕ್ಕಳು ನನ್ನ ಹಾಗೆ ಸುಮ್ಮನೆ ನಿಲ್ಲಬಾರದು.