ಗೌರಿಬಿದನೂರಿನ ಕಿವಿ

(ಹುಳಿಯಾರಿನಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಅಟ್ಟದಿಂದ ಇಳಿಸಿದ ಕಾಯನ್ನು ಕುಲುಕಿ, ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ಒಡೆಯದೆಯೇ ಹೇಳಬಲ್ಲ ಜನ ಈ ಸೀಮೆಯವರು. ನೆಲದಡಿ ಸಿಡಿದ ಪರಮಾಣು ಬಾಂಬನ್ನು ಅಳೆಯುವುದೂ ಹೆಚ್ಚುಕಡಿಮೆ ಇಂಥದೇ ವಿದ್ಯೆ. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಭಾರತದ ಮೊದಲ ಸ್ಫೋಟ ನಡೆಸಿದ ತಂಡದ ಮುಂದಾಳು ರಾಜಾ ರಾಮಣ್ಣ ಹುಟ್ಟಿದ್ದು 1925ರಲ್ಲಿ, ಇಲ್ಲೇ ತಿಪಟೂರಿನಲ್ಲಿ. ಇಂಥ ಸ್ಫೋಟಗಳಿಗೆ ಕಿವಿಗೊಟ್ಟು ಕುಳಿತ ಕೇಂದ್ರವೂ ಕರ್ನಾಟಕದ್ದೇ: ಗೌರಿಬಿದನೂರು.

ಗಾಳಿ, ನೀರು, ಬಾಹ್ಯಾಕಾಶಗಳಲ್ಲಿ ಪರಮಾಣು ಪರೀಕ್ಷೆ ಕೂಡದೆಂದು 1963ರಲ್ಲಿ ಒಪ್ಪಂದವಾಯಿತು. ಅಮೆರಿಕ, ರಷ್ಯಾ, ಬ್ರಿಟನ್‌ಗಳು ಪರೀಕ್ಷೆ ನಿಲ್ಲಿಸಲಿಲ್ಲ, ನೆಲದಡಿಗೆ ಇಳಿದವು. ಕಣ್ಣಿಗೆ ಬೀಳದ್ದನ್ನು ಪತ್ತೆ ಮಾಡಬೇಕಲ್ಲ! ಬ್ರಿಟನ್ನಿನ ನೆರವಿನಿಂದ 1960ರ ದಶಕದ ಮಧ್ಯದಲ್ಲಿ ಗೌರಿಬಿದನೂರಿನ ಸುತ್ತ 20 ಕಂಪನಮಾಪಕಗಳನ್ನು ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಇರಿಸಲಾಯಿತು. ಒಂದೊಂದು ತೋಳು ಸುಮಾರು 25 ಕಿ.ಮೀ. ಉದ್ದ. ದೂರದಿಂದ ಬರುವ ಅಲೆ ಎಲ್ಲ ಮಾಪಕಗಳನ್ನೂ ಒಂದೇ ಗಳಿಗೆಯಲ್ಲಿ ಮುಟ್ಟುವುದಿಲ್ಲ. ಆ ಅಲ್ಪ ಅಂತರವೇ ಅದು ಬಂದ ದಿಕ್ಕನ್ನು ತಿಳಿಸುತ್ತದೆ. ಇಪ್ಪತ್ತೂ ದಾಖಲೆಗಳನ್ನು ಹೊಂದಿಸಿ ಕೂಡಿದರೆ ಗಾಳಿ, ಲಾರಿಗಳ ಗದ್ದಲ ತಗ್ಗಿ ನಿಜವಾದ ಅಲೆ ಎದ್ದು ಕಾಣುತ್ತದೆ. ಭೂಕಂಪದಲ್ಲಿ ಬಂಡೆ ಜಾರುತ್ತದೆ, ಬಾಂಬು ಎಲ್ಲ ಕಡೆಗೂ ಒಮ್ಮೆಲೇ ನೂಕುತ್ತದೆ. ಹೀಗಾಗಿ ಸ್ಫೋಟವಾದಾಗ ಭೂಮಿಯ ಒಡಲೊಳಗೆ ಸಾಗುವ ಅಲೆ ಬಲವಾಗಿದ್ದು, ಮೇಲ್ಮೈ ಅಲೆ ಅದಕ್ಕೆ ತಕ್ಕಷ್ಟು ದೊಡ್ಡದಾಗಿರುವುದಿಲ್ಲ.

ಗುರುತಿಸುವುದು ಒಂದು ಮಾತು, ತೂಕ ಹೇಳುವುದು ಇನ್ನೊಂದು. ಅದೇ ಬಾಂಬು ಗಟ್ಟಿ ಬಂಡೆಯಲ್ಲಿ ಸಿಡಿದರೆ ಅಲೆ ದೊಡ್ಡದು, ಸಡಿಲ ನೆಲದಲ್ಲಿ ಸಣ್ಣದು. ಜಗಳವೆಲ್ಲ ಇಲ್ಲಿಂದಲೇ. 1974ರ ಸ್ಫೋಟ 12 ಕಿಲೋಟನ್ ಎಂದು ಭಾರತ ಹೇಳಿತು. ಹೊರಗಿನ ಹಲವರ ಲೆಕ್ಕ 8 ಅಥವಾ ಅದಕ್ಕೂ ಕಡಿಮೆ.

1998ರಲ್ಲಿ ವ್ಯತ್ಯಾಸ ಇನ್ನೂ ಹಿಗ್ಗಿತು. ಮೇ 11ರಂದು ಸಿಡಿದ ಮೂರರಲ್ಲಿ ಜಲಜನಕ ಬಾಂಬೊಂದೇ ಸುಮಾರು 45 ಕಿಲೋಟನ್ ಎಂದು ಸರ್ಕಾರ ಸಾರಿತು. ವಿದೇಶಿ ಭೂಕಂಪಶಾಸ್ತ್ರಜ್ಞರು ಮೂರನ್ನೂ ಸೇರಿಸಿಯೇ 10ರಿಂದ 15ರ ಸುತ್ತ ಎಂದರು. ಭಾಭಾ ಪರಮಾಣು ಸಂಶೋಧನಾ ಕೇಂದ್ರದವರ ಉತ್ತರವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ: ಸುಮಾರು ಒಂದು ಕಿ.ಮೀ. ಅಂತರದಲ್ಲಿ ಏಕಕಾಲಕ್ಕೆ ಎರಡು ಬಾಂಬು ಸಿಡಿದಾಗ ಕೆಲವು ದಿಕ್ಕುಗಳಲ್ಲಿ ಒಂದರ ಅಲೆ ಇನ್ನೊಂದರದನ್ನು ತಗ್ಗಿಸುತ್ತದೆ. ಆದರೆ 2009ರಲ್ಲಿ, ಆ ಪರೀಕ್ಷೆಯಲ್ಲಿ ಭಾಗಿಯಾಗಿದ್ದ ರಕ್ಷಣಾ ವಿಜ್ಞಾನಿ ಕೆ. ಸಂತಾನಂ ಅವರೇ ಜಲಜನಕ ಬಾಂಬು ನಿರೀಕ್ಷಿಸಿದಷ್ಟು ಸಿಡಿಯಲಿಲ್ಲ ಎಂದರು. ಆರ್. ಚಿದಂಬರಂ ಅದನ್ನು ಅಲ್ಲಗಳೆದರು. ಇದು ಪಂಡಿತರ ಒಣಚರ್ಚೆಯಲ್ಲ. ಸಂತಾನಂ ಹೇಳಿದ್ದು ನಿಜವಾದರೆ ಮತ್ತೆ ಪರೀಕ್ಷೆ ಬೇಕೆಂಬ ಒತ್ತಾಯಕ್ಕೆ ಬಲ ಬರುತ್ತದೆ. ಸುಳ್ಳಾದರೆ ಆ ಒತ್ತಾಯಕ್ಕೆ ಆಧಾರವೇ ಇಲ್ಲ.

1996ರ ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಭಾರತ ಸಹಿ ಹಾಕಲಿಲ್ಲ. ಆ ಒಪ್ಪಂದದ ಅಂತಾರಾಷ್ಟ್ರೀಯ ಜಾಲದಲ್ಲಿ 321 ನಿಲ್ದಾಣಗಳನ್ನು ಗೊತ್ತುಮಾಡಲಾಗಿದೆ. ಅವುಗಳ ದಾಖಲೆ ವಿಯೆನ್ನಾ ಸೇರುತ್ತದೆ. ಅಷ್ಟು ಹಳೆಯ ಕೇಂದ್ರವಾದರೂ ಗೌರಿಬಿದನೂರಿನ ಹೆಸರು ಆ ಪಟ್ಟಿಯಲ್ಲಿಲ್ಲ.