"ಫಾದರ್, ಯಾವುದು ಸರಿ?"
(ಅಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ಪ್ರಬೋಧನೆ)



ಇಂದು ಅಕ್ಟೋಬರ್ 4, ನೀರನ್ನು ಸೋದರಿ ಎಂದು ಕರೆದ ಸಂತ ಫ್ರಾನ್ಸಿಸರ ಹಬ್ಬ. ಈಗತಾನೇ ಶುಭಸಂದೇಶ ಕೇಳಿದಿರಿ. ಬಲ್ಲವರಿಗೆ ಮರೆಯಾದದ್ದು ಎಳೆಯರಿಗೆ ತಿಳಿಯಿತಲ್ಲಾ ಎಂದು ಯೇಸುಸ್ವಾಮಿ ತಂದೆಯನ್ನು ಸ್ತುತಿಸುತ್ತಾರೆ. ಹೋದ ಭಾನುವಾರ ಧರ್ಮೋಪದೇಶದ ತರಗತಿಯಲ್ಲಿ ಈ ಮಾತು ನನಗೇ ತಟ್ಟಿತು. ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಫಾದರ್, ಶಾಲೆಯಲ್ಲಿ ಹಸಿ ಕಸ, ಒಣ ಕಸ ಬೇರೆ ಬೇರೆ ಹಾಕಿಸ್ತಾರೆ. ಮನೆಯಲ್ಲಿ ನಾನು ಬೇರೆ ಮಾಡಿಟ್ಟರೂ ಅಮ್ಮ ಎರಡನ್ನೂ ಒಂದೇ ಕವರಿಗೆ ಸುರೀತಾರೆ. ನಮ್ಮ ದೇವಾಲಯದ ಅಂಗಳದಲ್ಲೂ ಒಂದೇ ಡ್ರಮ್ ಇದೆ. ಯಾವುದು ಸರಿ?"

ತಾಯಂದಿರು ಬೇಸರ ಮಾಡಿಕೊಳ್ಳಬೇಡಿ. ಡ್ರಮ್ಮಿನ ಮಾತಿಗೆ ತಲೆ ತಗ್ಗಿಸಿದವನು ನಾನು.

ಪ್ರಿಯರೇ, ನಾವು ಬೆಂಗಳೂರಿನವರು. ನಮ್ಮ ನಲ್ಲಿಗೆ ಬರುವ ಕಾವೇರಿ ತಾನಾಗಿ ಹರಿದು ಬರುವುದಿಲ್ಲ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪು ಮಾಡಿ, ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ ತರುತ್ತಾರೆ. 2024ರ ಬೇಸಿಗೆ ನೆನಪಿದೆಯೇ? ಸಾವಿರಾರು ಕೊಳವೆಬಾವಿಗಳು ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ತರಕಾರಿ ತೊಳೆದ ನೀರು ಗಿಡಕ್ಕೆ ಹೋಯಿತು, ಬಟ್ಟೆ ಒಗೆದ ನೀರು ಶೌಚಾಲಯಕ್ಕೆ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ನಮ್ಮ ಬಕೆಟ್ಟುಗಳು ಮೂಲೆ ಸೇರಿದವು. ನಾನೂ ಗಡ್ಡ ಕೆರೆಯುವಾಗ ನಲ್ಲಿ ಬಿಟ್ಟೇ ಇರುತ್ತಿದ್ದೆ. ಮಕ್ಕಳ ಮಾತು ಕೇಳಿ ಒಂದು ದಿನ ಕೆಳಗೆ ಬಕೆಟ್ ಇಟ್ಟೆ. ಕೆಲಸ ಮುಗಿಯುವ ಮೊದಲೇ ಅದು ತುಂಬಿ ಹರಿಯಿತು!

ಕಸಕ್ಕೂ ನೀರಿಗೂ ಏನು ಸಂಬಂಧ ಎನ್ನುತ್ತೀರಾ? ಮಂಡೂರಿನ ಜನರನ್ನು ಕೇಳಬೇಕು. ವರ್ಷಗಟ್ಟಲೆ ನಮ್ಮ ನಗರದ ಬೆರಕೆ ಕಸ ಅವರ ಊರಿಗೆ ಹೋಯಿತು. ಅನ್ನ, ಸಿಪ್ಪೆ, ಪ್ಲಾಸ್ಟಿಕ್, ಬ್ಯಾಟರಿ ಒಟ್ಟಿಗೆ ಕೊಳೆತರೆ ಕಪ್ಪು ರಸ ಇಳಿಯುತ್ತದೆ. ಅದು ನೆಲದೊಳಗಿನ ನೀರನ್ನೂ ಕೆಡಿಸುತ್ತದೆ. ಅವರು ಹೋರಾಡಿದ ಮೇಲೆಯೇ 2014ರ ಕೊನೆಗೆ ಲಾರಿಗಳು ನಿಂತದ್ದು. ಮರುವರ್ಷ ಡಿಸೆಂಬರಿನಲ್ಲಿ ಎರಡು ಡಬ್ಬಿ, ಒಂದು ಚೀಲ ಇಟ್ಟು ಮನೆಯಲ್ಲೇ ಕಸ ಬೇರ್ಪಡಿಸಬೇಕೆಂದು ಹೈಕೋರ್ಟ್ ಆದೇಶಿಸಿತು. ನಾವು ಬೇರ್ಪಡಿಸದಿದ್ದರೆ ಆ ಕೆಲಸ ತಪ್ಪುವುದಿಲ್ಲ, ಬೆಳಿಗ್ಗೆ ಗಾಡಿಯೊಡನೆ ಬರುವ ಪೌರಕಾರ್ಮಿಕ ತಾಯಿಯ ಕೈಗೆ ಹೋಗುತ್ತದೆ. ಒಡೆದ ಗಾಜು, ಮಗುವಿನ ಡೈಪರ್, ಹಳಸಿದ ಸಾರು, ಎಲ್ಲವೂ ಆ ಕೈಗೆ.

ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೋ ಸಿ' ವಿಶ್ವಪತ್ರದಲ್ಲಿ ಇಂಥ ಸಣ್ಣ ಕೆಲಸಗಳನ್ನೇ ಹೆಸರಿಸಿದ್ದಾರೆ: ನೀರು ಕಡಿಮೆ ಬಳಸುವುದು, ಕಸ ಬೇರ್ಪಡಿಸುವುದು, ತಿನ್ನುವಷ್ಟೇ ಅಡುಗೆ ಮಾಡುವುದು. ವಿಶ್ವಪತ್ರದಲ್ಲಿ ಅಡುಗೆಮನೆಯ ಮಾತೇ ಎಂದು ಕೆಲವರಿಗೆ ಆಶ್ಚರ್ಯ. ಶುಭಸಂದೇಶದಲ್ಲೂ ಅದಿದೆಯಲ್ಲ! ಐದು ಸಾವಿರ ಜನ ಉಂಡು ತೃಪ್ತರಾದ ಮೇಲೆ, ಉಳಿದ ತುಂಡುಗಳು ಹಾಳಾಗದಂತೆ ಒಟ್ಟುಮಾಡಲು ಪ್ರಭು ಶಿಷ್ಯರಿಗೆ ಹೇಳಿದರು. ಹನ್ನೆರಡು ಬುಟ್ಟಿ ತುಂಬಿತು. ಆ ರೊಟ್ಟಿ ಯಾರದು? ಒಬ್ಬ ಹುಡುಗನದು. ಇಷ್ಟು ಜನಕ್ಕೆ ಇದೆಲ್ಲಿ ಸಾಕು ಎಂದವರು ದೊಡ್ಡವರು.

ಬಲಿಪೂಜೆಯ ನಂತರ ಎಲ್ಲರಿಗೂ ಊಟವಿದೆ. ಈ ಬಾರಿ ಪುಟ್ಟ ನೀರಿನ ಬಾಟಲಿಗಳನ್ನು ತರಿಸಿಲ್ಲ. ಹೋದ ವರ್ಷ ಅರ್ಧ ಕುಡಿದು ಬಿಟ್ಟ ಬಾಟಲಿಗಳನ್ನು ಆಯ್ದವರು ಈ ಮಕ್ಕಳೇ. ಈಗ ಕೊಡಪಾನ, ಸ್ಟೀಲ್ ಲೋಟಗಳಿವೆ, ಬಾಳೆಎಲೆ ಊಟ. ಅಂಗಳದ ಒಂಟಿ ಡ್ರಮ್ಮಿನ ಜಾಗದಲ್ಲಿ ಮೂರು ನಿಂತಿವೆ. ಆ ಹುಡುಗಿಯೂ ಅವಳ ಗೆಳತಿಯರೂ ಪಕ್ಕದಲ್ಲೇ ಇರುತ್ತಾರೆ. ತಪ್ಪು ಡ್ರಮ್ಮಿಗೆ ಹಾಕಿದರೆ ಹೇಳಿ ಎಂದು ನಾನೇ ಅಪ್ಪಣೆ ಕೊಟ್ಟಿದ್ದೇನೆ. ನನಗೂ ಹೇಳುತ್ತಾರೆ, ನಿಮಗೂ ಹೇಳುತ್ತಾರೆ, ಕೋಪ ಮಾಡಿಕೊಳ್ಳಬೇಡಿ.