312 ಕಿಲೋಮೀಟರ್ ಎಂಬ ಲೆಕ್ಕ

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೆ ಕಾರಿನ ಮಾತೇಕೆ ಎಂದು ನೀವು ಕೇಳಬಹುದು. ಸಕಲೇಶಪುರದ ಪೋಷಕರೊಬ್ಬರು ರೋಗಿಗಳನ್ನು ಮಂಗಳೂರಿನ ಆಸ್ಪತ್ರೆಗಳಿಗೆ ಬಾಡಿಗೆಗೆ ಕರೆದೊಯ್ಯುತ್ತಾರೆ. ಅವರು ಒಂದು ದಿನ ಬಂದು, "ಸರ್, ಸಾಲ ಮಾಡಿ ಹಳೆಯ ನೆಕ್ಸಾನ್ ಇವಿ ಕೊಳ್ಳಲೇ? ಒಂದು ಚಾರ್ಜಿಗೆ 312 ಕಿ.ಮೀ. ಅಂತೆ. ಹೋಗಿ ಬರಲು ಸುಮಾರು 260 ಅಷ್ಟೇ" ಎಂದರು.

ಕಳೆಯುವ ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ 312 ಎಲ್ಲಿಂದ ಬಂತು? 2020ರಲ್ಲಿ ಬಂದ ಆ ಕಾರಿನ ಬ್ಯಾಟರಿ 30.2 ಯೂನಿಟ್ಟಿನದು. ನಮ್ಮ ಕರೆಂಟ್ ಬಿಲ್ಲಿನ ಯೂನಿಟ್ಟೇ ಅದು. ಪರೀಕ್ಷಾಲಯದಲ್ಲಿ ಉರುಳೆಗಳ ಮೇಲೆ ಚಕ್ರ ತಿರುಗಿಸಿ, ಎಸಿ ಹಾಕದೆ, ವೇಗ 90 ದಾಟದಂತೆ ಓಡಿಸಿ ತೆಗೆದ ಅಂಕಿ 312. ಅದು ಸುಳ್ಳಲ್ಲ. ಒಂದು ಕಾರನ್ನು ಇನ್ನೊಂದರೊಡನೆ ಹೋಲಿಸಲು ಇರುವ ಅಳತೆ, ನಮ್ಮ ರಸ್ತೆಗೆ ಕೊಟ್ಟ ಮಾತಲ್ಲ.

ವೇಗ 60ರಿಂದ 90ಕ್ಕೆ ಏರಿದರೆ ಗಾಳಿಯ ತಡೆ ಎರಡೂಕಾಲು ಪಟ್ಟಾಗುತ್ತದೆ. ಎಸಿ, ಗಾಳಿ ಇಳಿದ ಟೈರು, ವಯಸ್ಸಾದ ಬ್ಯಾಟರಿ ಎಲ್ಲವೂ ತಮ್ಮ ಪಾಲು ಕೇಳುತ್ತವೆ. ಅವನ್ನು ಹೇಗೋ ಸಂಭಾಳಿಸಬಹುದು. ಶಿರಾಡಿ ಘಾಟಿಯನ್ನು ಮಾತ್ರ ಸಂಭಾಳಿಸಲಾಗದು.

ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ. ನಾಲ್ವರು ಕೂತರೆ ಸುಮಾರು 1,700 ಕೆ.ಜಿ. ಆಗುವ ಕಾರನ್ನು ಅಷ್ಟೆತ್ತರಕ್ಕೆ ಏರಿಸಲು ಎಷ್ಟು ಶಕ್ತಿ ಬೇಕು? ವಿದ್ಯಾರ್ಥಿಗಳೇ, ಒಂಬತ್ತನೇ ತರಗತಿಯ ಸೂತ್ರ ನೆನಪಿಸಿಕೊಳ್ಳಿ. ರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಸುಮಾರು 4 ಯೂನಿಟ್. ಪರೀಕ್ಷಾಲಯದ ಲೆಕ್ಕದಲ್ಲೇ ಅದು 40 ಕಿ.ಮೀ. ಓಟ! 260ಕ್ಕೆ ಕೂಡಿಸಿದರೆ ಅಲ್ಲಿಗೇ 300 ಆಯಿತು. ಎಸಿಯ ಮಾತು ಇನ್ನೂ ಎತ್ತಿಲ್ಲ.

ಇಳಿಯುವಾಗ ಮೋಟಾರೇ ಜನರೇಟರಿನಂತೆ ಕೆಲಸ ಮಾಡಿ ಸ್ವಲ್ಪ ಶಕ್ತಿ ಮರಳಿಸುತ್ತದೆ, ನಿಜ. ಆದರೆ ಇವರು ರಾತ್ರಿಯಿಡೀ ಚಾರ್ಜ್ ಮಾಡಿ ಬೆಳಿಗ್ಗೆ ಹೊರಡುವವರು. ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಹಿಡಿಯುವುದೇ? ಇಳಿಜಾರು ಬರುವುದು ಬ್ಯಾಟರಿ ತುಂಬಿರುವಾಗ. ಏರು ಬರುವುದು ಕೊನೆಯಲ್ಲಿ, ಬ್ಯಾಟರಿ ಬರಿದಾಗುತ್ತಿರುವಾಗ, ಕತ್ತಲಲ್ಲಿ, ಹಿಂದಿನ ಸೀಟಿನಲ್ಲಿ ರೋಗಿ ಮಲಗಿರುವಾಗ.

ಕೊಳ್ಳಲೇಬೇಡಿ ಎಂದು ನಾನು ಹೇಳಲಿಲ್ಲ. ಡಾಕ್ಟರಿಗಾಗಿ ಕಾಯುವ ಮೂರು ನಾಲ್ಕು ಗಂಟೆಯೇ ಚಾರ್ಜಿನ ಹೊತ್ತು. "ಮಂಗಳೂರಿನಲ್ಲಿ ಚಾರ್ಜ್ ಮಾಡುವ ಜಾಗ ಮೊದಲು ಗೊತ್ತು ಮಾಡಿಕೊಳ್ಳಿ. ಮಾರುವವರನ್ನೂ ಕೂರಿಸಿಕೊಂಡು, ನಾಲ್ವರೊಂದಿಗೆ, ಎಸಿ ಹಾಕಿ ಘಾಟಿ ಹತ್ತಿ. ಶೇಕಡಾ ಎಷ್ಟು ಇಳಿಯಿತೆಂದು ಬರೆದುಕೊಳ್ಳಿ. ಸಾಲದ ಮಾತು ಆಮೇಲೆ" ಎಂದೆ.

ಬರುವ ಭಾನುವಾರ ಹೊರಟಿದ್ದಾರೆ. ಒಂಬತ್ತನೇ ತರಗತಿಯ ಮಗಳು ನೋಟ್‌ಬುಕ್ ಹಿಡಿದು ಮುಂದಿನ ಸೀಟಿನಲ್ಲಿ ಕೂರುತ್ತಾಳಂತೆ.